ನರಸಮ್ಮನವರ ಸೋಮವಾರ

ಮೊನ್ನೆ ನನ್ನ ಅಣ್ಣನ ಮೊಮ್ಮಗಳು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅಜ್ಜಿಗೆ ಮರೆವು ಜಾಸ್ತಿಯಾಗಿದೆ, ಒಲೆಯ ಮೇಲೆ ಹಾಲಿಟ್ಟು ಹೊರಗೆ ಬಂದು ಕೂತುಬಿಡುತ್ತಾರೆ ಎಂದು ಅವಳ ದೂರು. ಡಾಕ್ಟರು ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ನನ್ನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದ, ಮೊಣಕಾಲಿಗೆ ಸುತ್ತಿಗೆಯಿಂದ ಬಡಿದ. ಆಮೇಲೆ ಮಗುವನ್ನು ಮಾತಾಡಿಸುವ ದನಿಯಲ್ಲಿ, "ಅಜ್ಜಿ, ಇವತ್ತು ಯಾವ ವಾರ ಹೇಳಿ ನೋಡಣ?" ಎಂದ.

"ಆಂಜನೇಯ" ಎಂದೆ.

ಅವನು ಮೊಮ್ಮಗಳ ಮುಖ ನೋಡಿದ. ಅವಳು ನೆಲ ನೋಡಿದಳು. ಅವನು ಚೀಟಿಯ ಮೇಲೆ ಏನೋ ಗೀಚಿಕೊಂಡ. ಅಂದು ಶನಿವಾರವೇ ಆಗಿತ್ತು. ನನ್ನ ಉತ್ತರದಲ್ಲಿ ತಪ್ಪೇನಿತ್ತು, ನೀವೇ ಹೇಳಿ. ಆದರೆ ಆ ಹುಡುಗನಿಗೆ ಇದನ್ನು ವಿವರಿಸುವುದಕ್ಕೆ ನನಗೆ ನನ್ನ ಅರ್ಧ ಆಯುಸ್ಸನ್ನೇ ಹೇಳಬೇಕಾಗಿತ್ತು, ಹೊರಗೆ ಬೆಂಚಿನ ಮೇಲೆ ಬೇರೆ ರೋಗಿಗಳು ಕೆಮ್ಮುತ್ತಿದ್ದರು. ಸುಮ್ಮನೆ ಮಾತ್ರೆ ತೆಗೆದುಕೊಂಡು ಬಂದೆ. ನಿಮಗಾದರೆ ಹೇಳಬಹುದು, ನಿಮಗೆ ಪುರುಸೊತ್ತಿದ್ದರೆ.

ನನಗೆ ವಾರಗಳನ್ನು ಕಲಿಸಿದವಳು ಗೌರಿಬಿದನೂರಿನ ನಮ್ಮಜ್ಜಿ. ನನ್ನ ತಾಯಿ ಹೋದಾಗ ನನಗೆ ಅವಳ ಮುಖ ನೆನಪಿಟ್ಟುಕೊಳ್ಳುವಷ್ಟು ವಯಸ್ಸಾಗಿರಲಿಲ್ಲ. ಅಜ್ಜಿಯೇ ಸಾಕಿದಳು. ಅವಳ ಬಾಯಲ್ಲಿ ಸೋಮವಾರ ಮಂಗಳವಾರ ಎಂಬ ಮಾತು ಬಂದದ್ದನ್ನು ನಾನು ಕೇಳಿದ್ದು ಕಡಿಮೆ. "ನಾಳೆ ಈಶ್ವರ, ತಲೆಗೆ ಎಣ್ಣೆ ಹಚ್ಕೋಬೇಡ" ಎನ್ನುವಳು. "ಇವತ್ತು ಅಮ್ಮನೋರು ಕಣೇ, ಮೊಸರು ಕೇಳ್ಕೊಂಡು ಯಾರಾದ್ರೂ ಬಂದ್ರೆ ಇಲ್ಲ ಅನ್ನು" ಎನ್ನುವಳು. ಹೀಗಾಗಿ ದೇವರೆಂದರೆ ನಮ್ಮ ಮನೆಗೆ ಸರದಿಯ ಮೇಲೆ ಬಂದು ಒಂದೊಂದು ದಿನ ಇದ್ದು ಹೋಗುವ ನೆಂಟರೆಂದು ನಾನು ತಿಳಿದಿದ್ದೆ. ಸೋಮವಾರದ ಈಶ್ವರ ಬಡಪಾಯಿ, ಒಂದು ಚೊಂಬು ನೀರು ಎರಡು ಬಿಲ್ವಪತ್ರೆ ಸಿಕ್ಕರೆ ಸಾಕು, ಮೂಲೆಯಲ್ಲಿ ಕೂತಿರುತ್ತಾನೆ. ಮಂಗಳವಾರದ ಅಮ್ಮನಿಗೆ ಮುಂಗೋಪ, ಆ ದಿನ ಉಗುರು ಕತ್ತರಿಸಬಾರದು, ಅಣ್ಣನ ಜೊತೆ ಜಗಳ ಆಡಬಾರದು. ಗುರುವಾರದ ಗುರುಗಳಿಗೆ ಒಂದು ದೀಪ, ಒಂದು ನಮಸ್ಕಾರ ಸಾಕು. ಶುಕ್ರವಾರದ ಲಕ್ಷ್ಮಿಗೆ ಮಡಿ ಹೆಚ್ಚು, ಹೊಸಿಲಿಗೆ ಅರಿಶಿನ ಬಳಿದಿಲ್ಲವೆಂದರೆ ಬಾಗಿಲವರೆಗೂ ಬಂದು ಮೂಗು ಮುರಿದುಕೊಂಡು ವಾಪಸು ಹೋಗುತ್ತಾಳೆ. ಶನಿವಾರ ವೆಂಕಟರಮಣ, ಆಂಜನೇಯ ಇಬ್ಬರೂ ಒಟ್ಟಿಗೆ ಬರುವುದರಿಂದ ಅಡುಗೆಮನೆಯಲ್ಲಿ ಕೆಲಸ ಜಾಸ್ತಿ. ಭಾನುವಾರದ ಸೂರ್ಯನನ್ನು ಕರೆಯುವುದೇ ಬೇಡ, ನಾವು ಏಳುವ ಮುಂಚೆಯೇ ಬಂದಿರುತ್ತಾನೆ.

ಬುಧವಾರ ಮಾತ್ರ ಯಾರೂ ಇರುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ಇದ್ದಿರಬಹುದು, ನಮ್ಮಲ್ಲಿ ಇರಲಿಲ್ಲ.

"ಬುಧವಾರ ಯಾರೂ ಬರಲ್ವಾ ಅಜ್ಜಿ?" ಎಂದು ಒಂದು ಸಲ ಕೇಳಿದೆ.

ಅಜ್ಜಿ ಅಕ್ಕಿ ಆರಿಸುತ್ತಿದ್ದಳು. "ಬರ್ತಾರಮ್ಮ. ದೂರದಿಂದ ಬರಬೇಕು ನೋಡು, ತಡ ಆಗ್ತದೆ" ಎಂದಳು.

ಅವಳು ನನ್ನನ್ನು ಸುಮ್ಮನಾಗಿಸಲು ಹೇಳಿದ ಮಾತು. ನಾನು ಮಾತ್ರ ಎಷ್ಟೋ ಬುಧವಾರಗಳ ಸಂಜೆ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದೆ. ಆ ಬರುವವರು ನಮ್ಮಮ್ಮನೇ ಇರಬೇಕೆಂದು ನನಗೆ ನಾನೇ ತೀರ್ಮಾನಿಸಿಕೊಂಡಿದ್ದೆ. ಇದನ್ನು ಅಜ್ಜಿಗೆ ಹೇಳಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವಳು ಒಳಗಿನಿಂದ ಕೂಗುವಳು, ನಾನು ಬೀದಿಯ ಕಡೆ ಇನ್ನೊಂದು ಸಲ ನೋಡಿ ಒಳಗೆ ಹೋಗುವೆ.

ಹಾಗೆಂದು ಬರೀ ಅಳುಮುಂಜಿಯಾಗಿರಲಿಲ್ಲ ನಾನು. ಶ್ರಾವಣದ ಶನಿವಾರಗಳಲ್ಲಿ ಹುಡುಗರು ಹಣೆಗೆ ನಾಮ ಇಟ್ಟುಕೊಂಡು, ಚೊಂಬು ಹಿಡಿದು, ಗೋವಿಂದಾ ಎಂದು ಕೂಗುತ್ತ ಮನೆಮನೆಗೆ ಅಕ್ಕಿ ಕೇಳಲು ಹೋಗುತ್ತಿದ್ದರಲ್ಲ, ನನಗೂ ಹೋಗಬೇಕೆಂಬ ಆಸೆ. ಹುಡುಗಿಯರು ಹೋಗುವ ಪದ್ಧತಿಯಿಲ್ಲ. ಒಂದು ವರ್ಷ ಅಣ್ಣನನ್ನು ಕಾಡಿ ಬೇಡಿ, ಅವನ ಹಳೆಯ ಚಡ್ಡಿ ಹಾಕಿಕೊಂಡು, ಜಡೆಯನ್ನು ಟೋಪಿಯೊಳಗೆ ಸೇರಿಸಿ, ಹಣೆಯ ತುಂಬ ನಾಮ ಎಳೆದುಕೊಂಡು ಹೊರಟೆ. ಮೂರನೆಯ ಮನೆಯ ತೆಲುಗು ಮಾತಾಡುವ ಹೆಂಗಸು ಮೊರದಲ್ಲಿ ಅಕ್ಕಿ ಹಿಡಿದು ಬಂದರು. ನಾನು ಗೋವಿಂದಾ ಎಂದು ಕೂಗಿದ ರಭಸಕ್ಕೆ ಟೋಪಿ ಬಿದ್ದುಹೋಯಿತು. "ಅಯ್ಯೋ, ಆಡಪಿಲ್ಲಕಿ ನಾಮಮಾ!" ಹೆಣ್ಣುಮಗುವಿಗೆ ನಾಮವೇ ಎಂದು ಅವರು ಕೂತು ನಕ್ಕರು. ಆಮೇಲೆ ಎಲ್ಲರಿಗಿಂತ ನನಗೇ ಹೆಚ್ಚು ಅಕ್ಕಿ ಹಾಕಿದರು. ಸುಣ್ಣ ಸೇರಿದ ಆ ನಾಮ ನನ್ನ ಹಣೆಯನ್ನು ಸುಟ್ಟು ಗುರುತು ಬಹಳ ದಿನ ಉಳಿದಿತ್ತು.

ಆದರೆ ಹಣೆಯ ಮೇಲೆ ಬೇರೆ ಬರಹವೂ ಇತ್ತು. ನಾನು ಹುಟ್ಟಿದ್ದು ಮಂಗಳವಾರ. ಜಾತಕದಲ್ಲಿ ಕುಜದೋಷ. ಮಂಗಳವಾರದ ಗ್ರಹ ತಪ್ಪು ಮನೆಯಲ್ಲಿ ಕೂತಿದೆ, ಇಂಥ ಹುಡುಗಿಯನ್ನು ತಂದುಕೊಂಡರೆ ಗಂಡನಿಗೆ ಆಗಿಬರುವುದಿಲ್ಲ ಎಂದು ಜೋಯಿಸರು ಹೇಳಿದರು. ಅಜ್ಜಿ ಹೋದ ಮೇಲೆ ಮನೆಯ ಯಜಮಾನಿಕೆ ಅಣ್ಣನದು. ಅವನು ದೋಷದ ಮಾತು ಎತ್ತದೆ ಪೆರೇಸಂದ್ರದ ಕಡೆಯ ಒಂದು ಸಂಬಂಧವನ್ನು ಮನೆಗೆ ಕರೆತಂದ. ಹುಡುಗನ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಉಪ್ಪಿಟ್ಟು ಚೆನ್ನಾಗಿದೆ ಎಂದು ಹೊಗಳಿ, "ಹುಟ್ಟಿದ್ದು ಯಾವ ವಾರಾನಮ್ಮ?" ಎಂದರು. ಅಣ್ಣ ಕೆಮ್ಮಿದ. ಆ ಕೆಮ್ಮಿನ ಅರ್ಥ ನನಗೆ ತಿಳಿಯಲಿಲ್ಲ. ಪಾಠ ಒಪ್ಪಿಸುವವಳ ಹಾಗೆ ನೆಟ್ಟಗೆ ನಿಂತು, "ಮಂಗಳವಾರ" ಎಂದೆ. ಆಕೆ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟರು. ಹುಡುಗ ಮಾತ್ರ ತನ್ನ ಪಾಲನ್ನು ಪೂರ್ತಿ ಮುಗಿಸಿಯೇ ಎದ್ದ. ಅದೊಂದು ಸಮಾಧಾನ.

ಹೀಗೆ ಮದುವೆಯ ದಾರಿ ಮುಚ್ಚಿದ್ದರಿಂದ ಕೆಲಸದ ದಾರಿ ತೆರೆಯಿತು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಶಿಡ್ಲಘಟ್ಟದ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಹೋದೆ. ಅಣ್ಣ ಬಂದು ನರಸಮ್ಮನವರೆಂಬುವರ ಮನೆಯಲ್ಲಿ ಹೊರಗಡೆಯ ಒಂದು ಕೋಣೆ ಗೊತ್ತುಮಾಡಿ, ಟ್ರಂಕು ಇಳಿಸಿ, ನಾವು ಬಂದಿದ್ದ ಅದೇ ಸಣ್ಣ ಹಳಿಯ ರೈಲಿನಲ್ಲಿ ಹಿಂದಿರುಗಿದ.

ಒಂಟಿ ಹೆಂಗಸಿಗೆ ಹೊಸ ಊರಿನಲ್ಲಿ ಸಂಜೆ ಎಂಬುದು ಎಂಥದೆಂದು ನಿಮಗೆ ಹೇಗೆ ಹೇಳಲಿ! ಶಾಲೆ ಬಿಟ್ಟು ಬಂದರೆ ಬೀದಿಯ ತುಂಬ ರೇಷ್ಮೆ ಗೂಡು ಬೇಯುವ ವಾಸನೆ. ಅದು ಸೀರೆಗೆ, ಕೂದಲಿಗೆ, ಕುಡಿಯುವ ನೀರಿಗೂ ಹತ್ತಿಕೊಂಡಂತೆ ಅನ್ನಿಸುತ್ತಿತ್ತು. ಗಂಡಸರಾದರೆ ಹೋಟೆಲಿಗೆ ಹೋಗಬಹುದು, ಅಂಗಡಿಯ ಮುಂದೆ ನಿಲ್ಲಬಹುದು, ಸ್ಟೇಷನ್ನಿಗೆ ಹೋಗಿ ರೈಲು ನೋಡಬಹುದು. ನಾನು ಬಾಗಿಲಲ್ಲಿ ನಿಂತರೆ ಎದುರು ಮನೆಯವರು, "ಯಾರನ್ನ ಕಾಯ್ತಾ ಇದೀರ?" ಎಂದು ಕೇಳುತ್ತಿದ್ದರು. ಒಳಗೆ ಕೂತರೆ ಗೋಡೆಯ ಮೇಲಿನ ಹಲ್ಲಿಯೊಂದಿಗೆ ಪರಿಚಯ ಬೆಳೆಯುತ್ತಿತ್ತು. ಮಕ್ಕಳ ಕಾಪಿ ಪುಸ್ತಕಗಳನ್ನು ತಿದ್ದಿ ತಿದ್ದಿ, ತಿದ್ದುವುದಕ್ಕೆ ತಪ್ಪುಗಳು ಸಾಲದೆ, ಇನ್ನಷ್ಟು ತಪ್ಪು ಮಾಡಬಾರದಿತ್ತೇ ಎಂದು ಆ ಮಕ್ಕಳ ಮೇಲೆ ಕೋಪ ಬರುತ್ತಿತ್ತು.

ನರಸಮ್ಮನವರಿಗೆ ಆಗ ಐವತ್ತರ ಆಚೀಚೆ. ಅಂಬಾಜಿದುರ್ಗದ ಕಡೆಯ ಹಳ್ಳಿಯವರು, ಅಲ್ಲಿ ಬೆಳೆಯ ಪಾಲಿಗೆಂದು ಕೋರಿಗೆ ಕೊಟ್ಟ ಸ್ವಲ್ಪ ಹೊಲವಿತ್ತು. ಮಕ್ಕಳಿಲ್ಲ. ಹಣೆಯಲ್ಲಿ ಕಾಸಗಲ ಕುಂಕುಮ, ಕತ್ತಿನಲ್ಲಿ ತಾಳಿ. ಮನೆ ಗಂಡನದೇ, ಗಂಡ ಮಾತ್ರ ಅದರಲ್ಲಿರಲಿಲ್ಲ. ಅವರ ಹೆಸರು ನಾರಾಯಣಪ್ಪ. ಆಕೆಯ ಪ್ರಾಯದಲ್ಲೇ ಒಂದು ದಿನ ಕಡಲೆಕಾಯಿ ಮಾರುವುದಕ್ಕೆಂದು ಚಿಂತಾಮಣಿಗೆ ಹೋದವರು ಹಿಂದಿರುಗಲಿಲ್ಲ. ಗಾಡಿ, ಎತ್ತು, ಮಾರಿದ ದುಡ್ಡು ಎಲ್ಲವನ್ನೂ ಜೊತೆಯವರ ಕೈಲಿ ಸರಿಯಾಗಿ ಮನೆಗೆ ಕಳಿಸಿ ತಾವು ಹೋಗಿಬಿಟ್ಟಿದ್ದರು. ಸತ್ತ ಸುದ್ದಿಯೂ ಇಲ್ಲ, ಬದುಕಿರುವ ಸುದ್ದಿಯೂ ಇಲ್ಲ.

ನಾನು ಹೋದ ಮೊದಲ ಸೋಮವಾರ ಸಂಜೆ ಆಕೆ ನನ್ನ ಬಾಗಿಲ ಬಳಿ ಬಂದು, ಒಳಗೆ ಇಣುಕದೆ, "ಟೀಚರಮ್ಮ, ಈಶ್ವರನ ಗುಡಿಗೆ ಹೋಗ್ತಾ ಇದೀನಿ, ಬರ್ತೀರಾ?" ಎಂದರು. ನನಗೆ ಭಕ್ತಿ ಅಷ್ಟಕ್ಕಷ್ಟೆ. ಆದರೆ ಆಕೆ ನರಕಕ್ಕೆ ಹೋಗುತ್ತೇನೆ ಬರ್ತೀರಾ ಎಂದು ಕರೆದಿದ್ದರೂ ಆ ಸಂಜೆ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆ.

ಅಂದಿನಿಂದ ನನ್ನ ಸಂಜೆಗಳಿಗೆ ದಿಕ್ಕು ಸಿಕ್ಕಿತು. ಸೋಮವಾರ ಈಶ್ವರ. ಮಂಗಳವಾರ ಗಂಗಮ್ಮ, ಬರುವಾಗ ಅರಳಿಕಟ್ಟೆಯ ನಾಗರಕಲ್ಲಿಗೆ ನನ್ನ ದೋಷದ ಲೆಕ್ಕದಲ್ಲಿ ಪ್ರದಕ್ಷಿಣೆ. ಗುರುವಾರ ಬೀದಿಯ ಕೊನೆಯ ದರ್ಗಾದ ಮುಂದೆ ಲೋಬಾನದ ಹೊಗೆಯಲ್ಲಿ ನಿಂತು ನವಿಲುಗರಿಯಿಂದ ತಲೆ ಸವರಿಸಿಕೊಳ್ಳುವುದು. ಶನಿವಾರ ಆಂಜನೇಯ. ಗುಡಿಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಎಷ್ಟು ಹೊತ್ತು ಕೂತರೂ ಯಾಕೆ ಕೂತೆ ಎಂದು ಕೇಳುವವರಿಲ್ಲ, ಇದು ನನಗೆ ಆಗ ಹೊಳೆದ ದೊಡ್ಡ ಸತ್ಯ. ಬುಧವಾರ ನರಸಮ್ಮನವರು ಎಲ್ಲಿಗೂ ಹೋಗುತ್ತಿರಲಿಲ್ಲ. "ದೇವರಿಗೂ ಒಂದು ದಿನ ರಜ ಬೇಡ್ವಾ" ಎಂದು ರಾಗಿ ಬೀಸಿಸುವ ಕೆಲಸ, ಬಟ್ಟೆ ಹೊಲಿಯುವ ಕೆಲಸ ಇಟ್ಟುಕೊಳ್ಳುತ್ತಿದ್ದರು. ನಾನು ಮತ್ತೆ ಹಲ್ಲಿಯೊಂದಿಗೆ.

ಎಲ್ಲ ವಾರಕ್ಕಿಂತ ಆಕೆಗೆ ಸೋಮವಾರ ದೊಡ್ಡದು. ಆ ದಿನ ಒಪ್ಪೊತ್ತು, ಸಂಜೆ ಪೂಜೆಯಾದ ಮೇಲೆ ಒಂದೇ ಊಟ. ಗಂಡನ ಹೆಸರಿನಲ್ಲಿ, ಗಂಡನ ನಕ್ಷತ್ರದಲ್ಲಿ ಅರ್ಚನೆ. ಎಲ್ಲಿದ್ದರೂ ಬದುಕಿರಲಿ ಎಂದು. ನಮ್ಮವರಲ್ಲಿ ಭಾನುವಾರ ಸೂರ್ಯನಿಗೆ ನೀರು ಬಿಟ್ಟು ಒಲೆಯ ಮೇಲೆ ಬಾಡಿನ ಸಾರು ಇಡುವುದು ರೂಢಿ. ಆಕೆ ಅದನ್ನೂ ಆ ಹರಕೆಗಾಗಿ ಬಿಟ್ಟಿದ್ದರು.

ಶುಕ್ರವಾರ ಮಾತ್ರ ಆಕೆಯ ಮುಖ ನೋಡಲಾಗುತ್ತಿರಲಿಲ್ಲ. ಹೊಸಿಲಿಗೆ ಅರಿಶಿನ ಬಳಿದು ರಂಗೋಲಿ ಬಿಟ್ಟು ಲಕ್ಷ್ಮಿಗೆ ಆರತಿ ಎತ್ತುವರು. ಆದರೆ ಸಂಜೆ ಬೀದಿಯಲ್ಲಿ ಅರಿಶಿನ ಕುಂಕುಮಕ್ಕೆ ಕರೆಯುತ್ತ ಹೋಗುವ ಹೆಂಗಸರು ಆಕೆಯ ಬಾಗಿಲ ಮುಂದೆ ಸ್ವಲ್ಪ ನಿಧಾನ ಮಾಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮುಂದಿನ ಮನೆಗೆ ಹೋಗಿಬಿಡುತ್ತಿದ್ದರು. ಇವರು ಮುತ್ತೈದೆಯೋ ಅಲ್ಲವೋ ಯಾರು ಹೇಳಬೇಕು? ಕರೆದು ಕುಂಕುಮ ಕೊಟ್ಟ ಮೇಲೆ ಆತ ಎಂದೋ ತೀರಿಕೊಂಡಿದ್ದರೆಂದು ತಿಳಿದರೆ? ಆಕೆಗೆ ಇದು ಗೊತ್ತಿತ್ತು. ಅವರು ಬೀದಿಗೆ ಬರುವ ಹೊತ್ತಿಗೆ ಸರಿಯಾಗಿ ಹಿತ್ತಲಿಗೆ ಹೋಗಿ ಮುಸುರೆ ಪಾತ್ರೆ ಉಜ್ಜಲು ಕೂರುತ್ತಿದ್ದರು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಉಜ್ಜುತ್ತಿದ್ದುದನ್ನು ನಾನು ಕಂಡಿದ್ದೇನೆ.

ಎರಡು ವರ್ಷ ಹೀಗೆ ಕಳೆಯಿತು. ಒಂದು ಚಳಿಗಾಲದ ಬುಧವಾರ ಶಾಲೆ ಬಿಟ್ಟು ಬಂದಾಗ ಜಗಲಿಯ ಮೇಲೆ ಒಬ್ಬ ಮುದುಕರು ಕೂತಿದ್ದರು. ಪಕ್ಕದಲ್ಲಿ ಬಟ್ಟೆಯ ಚೀಲ, ಒಂದು ಕೊಡೆ. ಉಸಿರು ಎಳೆಯುತ್ತಿದ್ದ ಸದ್ದು ಬೀದಿಗೇ ಕೇಳುತ್ತಿತ್ತು.

"ಯಾರು ಬೇಕಾಗಿತ್ತು?" ಎಂದೆ.

"ಮನೆಯೋರು ಇಲ್ವಾ?"

"ನರಸಮ್ಮನೋರು ಮಿಲ್ಲಿಗೆ ಹೋಗಿದಾರೆ. ತಾವು ಯಾರು?"

ಅವರು ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ ತಪ್ಪು ಮಾಡಿದವರ ಹಾಗೆ, "ನಂದೇಯಮ್ಮ ಈ ಮನೆ" ಎಂದರು.

ಅಷ್ಟರಲ್ಲಿ ನರಸಮ್ಮನವರು ರಾಗಿಹಿಟ್ಟಿನ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಬೀದಿಯ ತಿರುವಿನಲ್ಲಿ ಬಂದರು. ದೂರದಿಂದಲೇ ನಿಂತರು. ಮತ್ತೆ ನಡೆದು ಬಂದರು. ಡಬ್ಬವನ್ನು ಜಗಲಿಯ ಮೇಲಿಟ್ಟು, ಸೆರಗಿನಿಂದ ಕೈಗೆ ಹತ್ತಿದ ಹಿಟ್ಟು ಒರೆಸಿಕೊಂಡು, "ನೀರು ಬೇಕಾ?" ಎಂದು ಕೇಳಿದರು.

"ಕೊಡು" ಎಂದರು ಅವರು.

ಅಷ್ಟು ವರ್ಷಗಳ ಮೇಲೆ ಗಂಡ ಹೆಂಡತಿ ಆಡಿದ್ದು ಇಷ್ಟೇ ಮಾತು.

ಊರಿಗೆ ಊರೇ ನೋಡಲು ಬಂತು. ಈಶ್ವರ ಕಣ್ಣು ಬಿಟ್ಟ ಎಂದರು. ಅದೇ ವಾರ ಶುಕ್ರವಾರ ಆ ಹೆಂಗಸರು ನೇರವಾಗಿ ಒಳಗೆ ಬಂದು ಕರೆದರು. ನರಸಮ್ಮನವರು ಪೆಟ್ಟಿಗೆಯ ತಳದಿಂದ ಹಸಿರು ರೇಷ್ಮೆ ಸೀರೆ ತೆಗೆದು ಉಟ್ಟುಕೊಂಡು ಹೋದರು. ಕೆನ್ನೆಯ ತುಂಬ ಅರಿಶಿನ ಹಚ್ಚಿಸಿಕೊಂಡು, ಮಡಿಲು ತುಂಬಿಸಿಕೊಂಡು ಬಂದವರನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ನನಗೂ ಸಂತೋಷವಾಗಿತ್ತು. ಆ ಸಂತೋಷದಲ್ಲಿ ಮುಂದಿನ ಸೋಮವಾರದ ಬಗ್ಗೆ ನಾನು ಯೋಚಿಸಿರಲಿಲ್ಲ.

ಸೋಮವಾರ ಬಂತು. ಬೆಳಿಗ್ಗೆ ನಾನು ಹಿತ್ತಲಲ್ಲಿ ನೀರು ಸೇದುತ್ತಿದ್ದೆ, ಅಡುಗೆಮನೆಯ ಮಾತು ಕೇಳಿಸಿತು.

"ಒಂದು ಕೋಳಿ ತಂದು ಸಾರು ಮಾಡು. ನಾಲಿಗೆ ಕೆಟ್ಟೋಗಿದೆ" ಎಂದರು ನಾರಾಯಣಪ್ಪನವರು.

"ಇವತ್ತು ಸೋಮವಾರ ಕಣ್ರೀ. ನಂದು ಒಪ್ಪೊತ್ತು."

"ಯಾತಕ್ಕೆ ಒಪ್ಪೊತ್ತು?"

"ನಿಮಗೋಸ್ಕರಾನೇ. ನೀವು ಹೋದಾಗಿಂದ."

"ನಾನು ಬಂದಿದೀನಲ್ಲ. ಇನ್ನು ಯಾತಕ್ಕೆ?"

ಆತ ಕೆಟ್ಟದ್ದಾಗಿ ಹೇಳಲಿಲ್ಲ, ನಕ್ಕುಕೊಂಡೇ ಹೇಳಿದರು. ನಾನು ಶಾಲೆಗೆ ಹೊರಡುವ ಹೊತ್ತಿಗೆ ಆ ಮನೆಯಲ್ಲಿ ಮಸಾಲೆ ಅರೆಯುವ ಸದ್ದು ಕೇಳಿತು. ಸಂಜೆ ನಾನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ. ಆಕೆ ಹೊರಗೆ ಬಂದು, "ನೀನು ಹೋಗಿ ಬಾರಮ್ಮ ಜಯಾ. ಇವರಿಗೆ ಕಷಾಯ ಕಾಯಿಸಬೇಕು" ಎಂದರು. ಎರಡು ವರ್ಷದಲ್ಲಿ ಟೀಚರಮ್ಮ ಹೋಗಿ ಜಯಾ ಆಗಿದ್ದೆ ನಾನು.

ಒಬ್ಬಳೇ ಹೋದೆ. ಗುಡಿಯ ಪೂಜಾರಿ ಶಂಕರಯ್ಯನವರು ಹಣ್ಣುಕಾಯಿ ತಟ್ಟೆಗೆ ಕೈ ಚಾಚಿ ಆಚೀಚೆ ನೋಡಿ, "ಎಲ್ಲಿ ನರಸಮ್ಮನೋರು?" ಎಂದರು.

"ಅವರ ಯಜಮಾನರು ಬಂದಿದಾರೆ."

"ಗೊತ್ತು, ಗೊತ್ತು. ಅದಕ್ಕೇ ಕೇಳ್ದೆ. ಇವತ್ತು ಜೋರಾಗಿ ಪೂಜೆ ಮಾಡಿಸ್ತಾರೆ ಅಂತ ಬಿಲ್ವಪತ್ರೆ ಜಾಸ್ತಿ ಕಿತ್ಕೊಂಡು ಬಂದಿದ್ದೆ" ಎಂದರು. ಬುಟ್ಟಿಯಲ್ಲಿ ಅದು ಹಾಗೇ ಇತ್ತು.

ಆಮೇಲೆ ಎಷ್ಟೋ ತಿಂಗಳು ಆಕೆ ಯಾವ ವಾರವೂ ಬರಲಿಲ್ಲ. ಆತನಿಗೆ ಹೊತ್ತುಹೊತ್ತಿಗೆ ಬಿಸಿನೀರು, ಬಿಸಿ ಊಟ, ಎದೆಗೆ ಎಣ್ಣೆ. ನಾನು ಎಲ್ಲ ದೇವರ ಮುಂದೂ ಒಬ್ಬಳೇ ನಿಂತು ಬರುತ್ತಿದ್ದೆ. ಒಬ್ಬಳೇ ಕೂತರೆ ಗುಡಿಯ ಕಟ್ಟೆಯೂ ತಣ್ಣಗಿರುತ್ತದೆ. ಗೋಡೆಯಾಚೆ ಅವರ ಕೆಮ್ಮು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಈಗ ನಾವು ಮೂವರಿದ್ದೆವು, ಮೂವರೂ ಒಬ್ಬೊಬ್ಬರೇ ಇದ್ದೆವು.

ಒಂದು ಮಧ್ಯಾಹ್ನ ನಾರಾಯಣಪ್ಪನವರು ಮಲಗಿದ್ದಾಗ ನಾವಿಬ್ಬರೂ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ನಾನು ತಡೆಯಲಾರದೆ, "ಯಾಕೆ ಹೋದ್ರಂತೆ? ಕೇಳಿದ್ರಾ?" ಎಂದೆ.

"ಕೇಳ್ದೆ."

"ಏನಂದ್ರು?"

"ಬೇಜಾರಾಯ್ತು, ಹೋದೆ ಅಂದ್ರು." ಆಕೆ ಒಂದು ಕಾಯಿ ಸುಲಿದು ಕಾಳು ಹಾಕಿ, ಇನ್ನೊಂದು ತೆಗೆದುಕೊಂಡರು. "ಮದನಪಲ್ಲಿಯಲ್ಲಿ ಅಕ್ಕಿ ಮಿಲ್ಲಿನಲ್ಲಿ ಇದ್ರಂತೆ. ಇನ್ನೊಂದು ಸಂಸಾರ ಗಿಂಸಾರ ಏನೂ ಇಲ್ವಂತೆ. ಅದಾದ್ರೂ ಇದ್ದಿದ್ರೆ ನನಗೆ ಅರ್ಥ ಆಗ್ತಿತ್ತು. ಬರೀ ಬೇಜಾರಂತೆ."

ನಾನು ಸಿಪ್ಪೆಯ ಗುಡ್ಡೆಯನ್ನು ಒಂದು ಕಡೆ ಸರಿಸಿದೆ.

"ಮದನಪಲ್ಲಿ ಎಷ್ಟು ದೂರಾನಮ್ಮ? ಬೆಳಿಗ್ಗೆ ಬಸ್ಸು ಹತ್ತಿದ್ರೆ ಮಧ್ಯಾಹ್ನಕ್ಕೆ ಹೋಗಿರಬಹುದು. ನಾನು ಕಾಶಿ, ರಾಮೇಶ್ವರ, ಎಲ್ಲೋ ಸನ್ಯಾಸಿ ಅಂತೆಲ್ಲ ನೆನೆಸ್ಕೊಂಡು ಒಪ್ಪೊತ್ತು ಮಾಡ್ತಿದ್ದೆ." ಆಮೇಲೆ ಒಳಗೆ ಕೇಳದಷ್ಟು ಮೆಲ್ಲಗೆ ಹೇಳಿದರು. "ಜಯಾ, ನಾನು ಸೋಮವಾರ ದೇವರನ್ನ ಕೇಳ್ತಾ ಇದ್ದೋನು ಇವನಲ್ಲಮ್ಮ. ಅವನಿಗೆ ತಲೆ ತುಂಬ ಕಪ್ಪು ಕೂದಲು. ನಗ್ತಾ ನಗ್ತಾ ಗಾಡಿ ಹತ್ತಿದ್ದ. ಅವನು ಇನ್ನೂ ಬಂದೇ ಇಲ್ಲ. ಇವರು ಮನೇಲಿ ಇರೋವಾಗ ಅವನಿಗೋಸ್ಕರ ಉಪವಾಸ ಇರಕ್ಕಾಗತ್ತಾ?"

ಮುಂದಿನ ಕಾರ್ತಿಕ ಮಾಸ ಬಂತು. ಸೋಮವಾರ ಸಂಜೆ ನಾನು ಬೀಗ ಹಾಕುತ್ತಿದ್ದೆ. ಹಿಂದಿನಿಂದ, "ತಾಳು, ಹೋಗಣ" ಎಂಬ ದನಿ. ನರಸಮ್ಮನವರು ತಲೆ ಬಾಚಿ, ಹೂವು ಮುಡಿದು, ಪೂಜೆಯ ಬುಟ್ಟಿ ಹಿಡಿದು ನಿಂತಿದ್ದರು.

ಒಳಗಿನಿಂದ ಆತ ಕೂಗಿದರು. "ಎಲ್ಲಿಗೆ? ಊಟ?"

"ಮುಚ್ಚಿಟ್ಟಿದೀನಿ, ಬಡಿಸ್ಕೊಳ್ಳಿ. ಕಷಾಯ ಒಲೆ ಪಕ್ಕ ಇದೆ" ಎಂದು ಆಕೆ ಹೊಸಿಲು ದಾಟಿ ಬಂದುಬಿಟ್ಟರು. ಬೀದಿಯ ಕೊನೆಯವರೆಗೂ ಓಡುವ ಹಾಗೆಯೇ ನಡೆದರು. ನನಗೆ ಜೊತೆ ಹಿಡಿಯುವುದು ಕಷ್ಟವಾಯಿತು. ಬೆಳಿಗ್ಗೆಯಿಂದ ಊಟ ಮಾಡಿಲ್ಲವೆಂದು ದಾರಿಯಲ್ಲಿ ಹೇಳಿದರು.

ಶಂಕರಯ್ಯನವರ ಮುಖ ಅರಳಿತು. ತಟ್ಟೆ ತೆಗೆದುಕೊಂಡು ರೂಢಿಯಂತೆ, "ನಾರಾಯಣಪ್ಪನವರ ಹೆಸರಲ್ಲಿ..." ಎಂದು ಶುರುಮಾಡಿದರು.

"ಬೇಡಿ ಸ್ವಾಮಿ. ನನ್ನ ಹೆಸರಲ್ಲೇ ಮಾಡಿ."

"ಒಳ್ಳೇದೇ ಆಯ್ತು. ತಮ್ಮ ನಕ್ಷತ್ರ?"

ನರಸಮ್ಮನವರು ನನ್ನ ಕಡೆ ತಿರುಗಿ ನೋಡಿದರು, ನನಗೆ ಗೊತ್ತಿರಬಹುದೇನೋ ಎನ್ನುವ ಹಾಗೆ. "ನಂಗೆ ಯಾರೂ ಹೇಳ್ಲೇ ಇಲ್ಲ" ಎಂದರು. "ನಾನೂ ಕೇಳ್ಲಿಲ್ಲ."

ಹಿಂದೆ ನಿಂತಿದ್ದವರು ಯಾರೋ ನಕ್ಕರು. ಆಕೆಯ ಕಿವಿ ಕೆಂಪಾಯಿತು. ಬುಟ್ಟಿ ತೆಗೆದುಕೊಂಡು ಹೊರಟೇಬಿಡುತ್ತಾರೇನೋ ಎಂದು ನಾನು ಆಕೆಯ ಮೊಣಕೈ ಹಿಡಿದುಕೊಂಡೆ.

ಶಂಕರಯ್ಯನವರು ನಗಲಿಲ್ಲ. "ಅದಕ್ಕೇನು ಯೋಚನೆ? ಹುಟ್ಟಿದ ನಕ್ಷತ್ರ ಗೊತ್ತಿಲ್ಲದೇ ಇದ್ರೆ ಹೆಸರಿನ ಮೊದಲನೇ ಅಕ್ಷರದ ಮೇಲೆ ಹೇಳಬಹುದು. ನರಸಮ್ಮ. ನ ಅಂದ್ರೆ ಅನುರಾಧಾ" ಎಂದವರೇ ಒಳಗೆ ತಿರುಗಿ ಗಟ್ಟಿಯಾಗಿ, ಗುಡಿಯೆಲ್ಲ ಕೇಳುವಂತೆ, ಅನುರಾಧಾ ನಕ್ಷತ್ರೇ ಜಾತಾಯಾಃ ಎಂದು ಸಂಕಲ್ಪ ಹೇಳಿದರು. ನರಸಮ್ಮನವರು ಕೈಮುಗಿದು, ಉಸಿರು ಬಿಗಿಹಿಡಿದು ಕೇಳಿಸಿಕೊಂಡರು.

ಕಟ್ಟೆಯ ಮೇಲೆ ಕೂತು ಬಾಳೆಹಣ್ಣು ತಿನ್ನುವಾಗ, "ಅನುರಾಧಾ ಅಂತೆ" ಎಂದರು. ಬರುವ ದಾರಿಯಲ್ಲಿ ಮತ್ತೆ, "ಎಷ್ಟು ಚೆನ್ನಾಗಿದೆ ಅಲ್ವಾ ಹೆಸರು? ಇಷ್ಟು ದಿನ ನನ್ನ ಹತ್ರಾನೇ ಇತ್ತು ನೋಡು" ಎಂದರು. ಆಕೆ ಅಷ್ಟು ಹಗುರಾಗಿ ನಡೆದದ್ದನ್ನು ನಾನು ಕಂಡಿರಲಿಲ್ಲ.

ಮನೆಗೆ ಬಂದಾಗ ನಾರಾಯಣಪ್ಪನವರು ಜಗಲಿಯ ಮೇಲೆ ಕೂತಿದ್ದರು. ಅಡುಗೆಮನೆಯಲ್ಲಿ ತಟ್ಟೆ ತೊಳೆದು ಬೋರಲು ಹಾಕಿತ್ತು. ಆಕೆ ಒಂದು ಗಳಿಗೆ ಅದನ್ನು ನೋಡಿದರು. ಆಮೇಲೆ ಹೊರಗೆ ಬಂದು ಗಂಡನ ಕೈಗೆ ಪ್ರಸಾದ ಹಾಕಿದರು. ಆತ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಮುಂದೆ ಎಂದೂ ಕೇಳಲಿಲ್ಲ.

ಅಂದಿನಿಂದ ಸೋಮವಾರ ತಪ್ಪಲಿಲ್ಲ. ಬೇರೆ ವಾರಗಳು ಮೊದಲಿನಂತೆ ಕೂಡಿಬರಲಿಲ್ಲ, ಅದೊಂದು ಮಾತ್ರ ನಮ್ಮದಾಗಿ ಉಳಿಯಿತು. ಇನ್ನೂ ಒಂದೆರಡು ವರ್ಷ ನಾನು ಅಲ್ಲಿದ್ದೆ. ಆಮೇಲೆ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ನರಸಮ್ಮನವರು ಹುರಿದ ಅವರೆಕಾಳಿನ ಗಂಟು ಹಿಡಿದು ಸ್ಟೇಷನ್ನಿಗೆ ಬಂದಿದ್ದರು. ಅಳಲಿಲ್ಲ. ರೈಲು ಹೊರಡುವ ಮುಂಚೆ ಕಿಟಕಿಯೊಳಗೆ ಕೈ ಹಾಕಿ ನನ್ನ ಸೆರಗು ಸರಿಮಾಡಿ, "ಹೋದ ಕಡೆ ಒಳಗೇ ಕೂತ್ಕೋಬೇಡ ಕಣೇ. ಯಾರನ್ನಾದ್ರೂ ಕೇಳು" ಎಂದರು. ಏನು ಕೇಳಬೇಕು ಎಂದು ನಾನು ಕೇಳುವಷ್ಟರಲ್ಲಿ ರೈಲು ಜರುಗಿತು. ನಾರಾಯಣಪ್ಪನವರು ಕೆಲವು ವರ್ಷಗಳ ಮೇಲೆ ತೀರಿಕೊಂಡರು, ಅವರ ಹಿಂದೆಯೇ ಆಕೆಯೂ.

ಚಿಕ್ಕಬಳ್ಳಾಪುರದಲ್ಲಿ ನನಗೆ ಸಿಕ್ಕಿದ್ದು ಒಂದು ಮುಸಲ್ಮಾನರ ಮನೆಯ ಮುಂಭಾಗದ ಕೋಣೆ. ಮನೆಯ ಗಂಡಸರು ರೇಷ್ಮೆ ನೂಲಿನ ವ್ಯಾಪಾರದ ಮೇಲೆ ಊರೂರು ತಿರುಗುವವರು. ಒಳಗೆ ಅವರ ತಾಯಿ, ಎಲ್ಲರೂ ಬೀಬಮ್ಮ ಎಂದು ಕರೆಯುತ್ತಿದ್ದ ಮುದುಕಿ. ನಮ್ಮ ನಡುವೆ ಒಂದು ಪರದೆ ಇತ್ತು. ಬಂದು ಕೆಲವು ದಿನಗಳಾದರೂ ನಾನು ಆಕೆಯ ಕೆಮ್ಮು ಕೇಳಿದ್ದೆನೇ ಹೊರತು ಮುಖ ಕಂಡಿರಲಿಲ್ಲ. ಸಂಜೆಯಾದರೆ ಅದೇ ಗೋಡೆ, ಅದೇ ಕಾಪಿ ಪುಸ್ತಕ. ಹಲ್ಲಿ ಕೂಡ ಇರಲಿಲ್ಲ.

ಒಂದು ಶುಕ್ರವಾರ ಸಂಜೆ ತಡೆಯಲಾಗಲಿಲ್ಲ. ಎದ್ದು ಹೋಗಿ ಪರದೆಯ ಈಚೆ ನಿಂತು, "ಅಮ್ಮ, ಇವತ್ತು ಶುಕ್ರವಾರ. ಇಲ್ಲಿ ದೇವಿ ಗುಡಿ ಎಲ್ಲಿದೆ?" ಎಂದೆ. ಕೇಳಿದ ಮೇಲೆ ಎಂಥ ಪೆದ್ದಿ ನಾನು, ಯಾರನ್ನು ಏನು ಕೇಳುತ್ತಿದ್ದೇನೆ ಎಂದು ನಾಚಿಕೆಯಾಯಿತು.

ಒಳಗೆ ಮಣೆ ಸರಿಸಿದ ಸದ್ದು. ಪರದೆ ಸರಿಯಿತು. ಮುಖದ ತುಂಬ ಸುಕ್ಕು, ಬಾಯಲ್ಲಿ ಎಲೆ ಅಡಿಕೆ. "ಒಬ್ಬಳೇ ಹೋಗ್ತೀಯಾ ಬೇಟಿ?" ಎಂದರು.

"ಹೂಂ."

"ಶುಕ್ರವಾರ ನಮಗೂ ದೊಡ್ಡ ದಿನ" ಎಂದು ಗೋಡೆಯ ಮೊಳೆಯಿಂದ ಬಿಳಿ ಚಾದರ ತೆಗೆದು ತಲೆ ತುಂಬ ಹೊದ್ದುಕೊಂಡರು. ಚಪ್ಪಲಿ ಹುಡುಕಿ ಮೆಟ್ಟಿದರು. "ನಡಿ, ದಾರಿ ತೋರಿಸ್ತೀನಿ. ಎರಡು ಬೀದಿ ದಾಟಬೇಕು. ನಡುವೆ ನಾಯಿ ಇದಾವೆ, ನನ್ನ ಗುರುತು ಅವಕ್ಕೆ."

ದಾರಿಯಲ್ಲಿ ನನ್ನ ಊರು ಕೇಳಿದರು, ತಂದೆ ತಾಯಿಯನ್ನು ಕೇಳಿದರು. ಯಾವ ವಾರ ಹುಟ್ಟಿದೆ ಎಂದು ಕೇಳಲಿಲ್ಲ. ಗುಡಿಯ ಎದುರಿಗೆ ಬೇವಿನ ಮರವಿತ್ತು. ಅದರ ಕೆಳಗೆ ನಿಂತು, "ನೀನು ಹೋಗಿ ನಿಧಾನವಾಗಿ ಬಾ. ನಾನಿಲ್ಲೇ ಇರ್ತೀನಿ" ಎಂದರು.

ಒಳಗೆ ಮಂಗಳಾರತಿ ಆಗುತ್ತಿತ್ತು. ಕಂಬದ ಪಕ್ಕ ನಿಂತು ಹಿಂದಿರುಗಿ ನೋಡಿದೆ. ಬಾಗಿಲ ಚೌಕಟ್ಟಿನಾಚೆ, ಮಬ್ಬುಗತ್ತಲಲ್ಲಿ, ಬಿಳಿ ಚಾದರ ಅಲ್ಲೇ ನಿಂತಿತ್ತು. ನನಗಾಗಿ ಒಬ್ಬರು ಹೊರಗೆ ಕಾಯುತ್ತಿದ್ದಾರೆ. ದೇವಿಯ ಕಡೆ ತಿರುಗಿ ಕೈಮುಗಿದು ಕಣ್ಣು ಮುಚ್ಚಿದೆ. ಬೇಡಿಕೊಳ್ಳುವುದಕ್ಕೆ ಏನೂ ನೆನಪಾಗಲಿಲ್ಲ.